ಅಮಾಲ್ಗಮ್: ಪದ ಒಂದು, ಅರ್ಥ ಎರಡು

ಮದ್ರಸದಲ್ಲಿ ಕಿತಾಬ್ ಓದುವ ವಿದ್ಯಾರ್ಥಿಗೆ ಮೊದಲ ದಿನಗಳಲ್ಲೇ ಒಂದು ಪಾಠ ಸಿಗುತ್ತದೆ. ಪದವೊಂದು ಎದುರಾದಾಗ ಅದರ ಲುಗತ್‌ನ ಅರ್ಥವೇನು, ಇಸ್ತಿಲಾಹ್‌ನ ಅರ್ಥವೇನು ಎಂದು ಎರಡನ್ನೂ ಕೇಳಬೇಕು. ಲುಗತ್ ಎಂದರೆ ಭಾಷೆಯಲ್ಲಿ ಆ ಪದಕ್ಕಿರುವ ಅರ್ಥ. ಇಸ್ತಿಲಾಹ್ ಎಂದರೆ ಒಂದು ಶಾಸ್ತ್ರದವರು ಆ ಪದಕ್ಕೆ ಗೊತ್ತುಮಾಡಿಕೊಂಡ ಅರ್ಥ. ಝಕಾತ್ ಎಂಬುದಕ್ಕೆ ಭಾಷೆಯಲ್ಲಿ ಶುದ್ಧಿ, ಬೆಳವಣಿಗೆ ಎಂಬ ಅರ್ಥಗಳಿವೆ. ಫಿಕ್ಹ್‌ನಲ್ಲಿ ಅದು ನಿರ್ದಿಷ್ಟ ಸಂಪತ್ತಿನಿಂದ ನಿರ್ದಿಷ್ಟ ಪ್ರಮಾಣದಲ್ಲಿ ಹಕ್ಕುದಾರರಿಗೆ ಕೊಡಬೇಕಾದ ಪಾಲು. ಎರಡನ್ನು ಬೆರೆಸಿದರೆ ಲೆಕ್ಕವೇ ತಪ್ಪುತ್ತದೆ.

ಈ ಪಾಠ ಕಿತಾಬಿನ ಹೊರಗೂ ಉಪಯೋಗಕ್ಕೆ ಬರುತ್ತದೆ. ಹಲ್ಲಿನ ಹುಳುಕಿಗೆ ತುಂಬುವ ಬೆಳ್ಳಿ ಬಣ್ಣದ ವಸ್ತುವನ್ನು ನಮ್ಮ ಮನೆಗಳಲ್ಲಿ ಕೆಲವರು ಸಿಲ್ವರ್ ಫಿಲ್ಲಿಂಗ್ ಎನ್ನುತ್ತಾರೆ, ಕೆಲವರು ಸಿಮೆಂಟ್ ಎಂದೇ ಹೇಳಿಬಿಡುತ್ತಾರೆ. ದಂತವೈದ್ಯರು ಅದನ್ನು ಅಮಾಲ್ಗಮ್ ಎನ್ನುತ್ತಾರೆ. ಇತ್ತ ಹತ್ತನೇ ತರಗತಿಯ ಮಗು ವಿಜ್ಞಾನ ಪುಸ್ತಕದಲ್ಲಿ ಓದುತ್ತದೆ: ಪಾದರಸ ಸೇರಿದ ಮಿಶ್ರಲೋಹಕ್ಕೆ ಅಮಾಲ್ಗಮ್ ಎಂದು ಹೆಸರು. ‘ಪಾದರಸ ವಿಷ, ಹಲ್ಲಿನದನ್ನು ಕೂಡಲೇ ತೆಗೆಸಿ’ ಎಂಬ ಸಂದೇಶ ಮೊಬೈಲಿನಲ್ಲಿ ಬರುತ್ತದೆ. ಮೂರೂ ಒಟ್ಟು ಸೇರಿದಾಗ ಮನೆಯ ಹಿರಿಯರ ನಿದ್ದೆ ಹಾರುತ್ತದೆ. ಆದ್ದರಿಂದ ಈ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಪದದ ಮೂಲ. ಮಧ್ಯಯುಗದ ಲ್ಯಾಟಿನ್‌ನ ‘ಅಮಾಲ್ಗಮ’ ಎಂಬುದರಿಂದ ಇದು ಯುರೋಪಿನ ಭಾಷೆಗಳಿಗೆ ಬಂತು. ಅದಕ್ಕೂ ಹಿಂದೆ ಗ್ರೀಕ್‌ನಲ್ಲಿ ‘ಮಾಲಗ್ಮ’ ಎಂದರೆ ಮೆತ್ತಗೆ ಮಾಡುವ ಲೇಪ. ಅದು ಅರಬಿ ಭಾಷೆಯ ಮೂಲಕ ಲ್ಯಾಟಿನ್‌ಗೆ ಹೋಗಿರಬೇಕು ಎಂಬುದು ಅನೇಕ ಭಾಷಾ ವಿದ್ವಾಂಸರ ಅಭಿಪ್ರಾಯ. ಹಾಗೆಂದರೆ ಪದದ ಹುಟ್ಟಿನಲ್ಲಿರುವುದು ವಿಷವಲ್ಲ, ಮೆದುತನ.

ರಸಾಯನಶಾಸ್ತ್ರದಲ್ಲಿ ಅಮಾಲ್ಗಮ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಪಾದರಸದೊಡನೆ ಚಿನ್ನ, ಬೆಳ್ಳಿ, ತವರ, ಸತು, ಸೋಡಿಯಂ ಯಾವುದೇ ಸೇರಿದರೂ ಅದು ಅಮಾಲ್ಗಮ್. ಕೆಲವು ದ್ರವ, ಕೆಲವು ಬೆಣ್ಣೆಯಂತೆ ಮೆತ್ತಗೆ, ಕೆಲವು ಗಟ್ಟಿ. ಗುಣಗಳೂ ಬೇರೆ ಬೇರೆ. ಸೋಡಿಯಂ ಅಮಾಲ್ಗಮ್ ನೀರಿನೊಡನೆ ವರ್ತಿಸಿ ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಜನ್ ಕೊಡುತ್ತದೆ. ಹಿಂದೆ ಕನ್ನಡಿಗಳ ಹಿಂಬದಿಗೆ ಹಚ್ಚುತ್ತಿದ್ದದ್ದು ತವರದ ಅಮಾಲ್ಗಮ್. ನಮ್ಮ ಕೋಲಾರದ ಗಣಿಯಲ್ಲೂ ಹಿಂದೆ ಅದಿರನ್ನು ಪುಡಿಮಾಡಿ, ಅದರ ಚಿನ್ನವನ್ನು ಪಾದರಸಕ್ಕೆ ಹಿಡಿಸಿ, ಬಳಿಕ ಕಾಯಿಸಿ ಪಾದರಸವನ್ನು ಬೇರ್ಪಡಿಸುತ್ತಿದ್ದರು. ಕಬ್ಬಿಣ ಮಾತ್ರ ಸುಲಭವಾಗಿ ಈ ಕುಟುಂಬಕ್ಕೆ ಸೇರುವುದಿಲ್ಲ. ಪಾದರಸವನ್ನು ಕಬ್ಬಿಣದ ಪಾತ್ರೆಯಲ್ಲಿ ಇಡುತ್ತಿದ್ದುದು ಅದಕ್ಕಾಗಿಯೇ.

ದಂತವೈದ್ಯರ ಇಸ್ತಿಲಾಹ್‌ನಲ್ಲಿ ಈ ಪದ ಬಹಳ ಕಿರಿದು. ಬೆಳ್ಳಿ, ತವರ, ತಾಮ್ರ ಇರುವ ಪುಡಿಯನ್ನು ಪಾದರಸದೊಡನೆ ಬೆರೆಸಿ ಮಾಡಿದ, ಹಲ್ಲಿನ ಕುಳಿ ತುಂಬುವ ವಸ್ತು ಮಾತ್ರ ಅವರಿಗೆ ಅಮಾಲ್ಗಮ್. ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸ ಇರುವುದು ನಿಜ. ಬೆರೆಸಿದಾಗ ಮೆತ್ತಗಿದ್ದು, ಕುಳಿಯೊಳಗೆ ಒತ್ತಿದ ಮೇಲೆ ಗಟ್ಟಿಯಾಗುತ್ತದೆ. ಆಗ ಪಾದರಸ ಹನಿಯಾಗಿ ಉಳಿಯದೆ ಇತರ ಲೋಹಗಳೊಡನೆ ಬಂಧಿತವಾಗಿರುತ್ತದೆ. ಫ್ರಾನ್ಸ್‌ನಲ್ಲಿ 1826ರ ಹೊತ್ತಿಗೆ ಬಳಕೆಗೆ ಬಂದ ಈ ಫಿಲ್ಲಿಂಗನ್ನು ಅಮೆರಿಕದ ಜಿ. ವಿ. ಬ್ಲ್ಯಾಕ್ ಎಂಬ ದಂತವೈದ್ಯರು 1895ರಲ್ಲಿ ಉತ್ತಮಪಡಿಸಿದರು. ಬಾಳಿಕೆ ಮತ್ತು ಕಡಿಮೆ ಬೆಲೆಯ ಕಾರಣ ಬಡವರ ಬಾಯಿಗೂ ಅದು ತಲುಪಿತು.

ಹಾಗಾದರೆ ಭಯಪಡಬೇಕೇ? ಇಲ್ಲಿ ಎರಡು ತಪ್ಪುಗಳನ್ನೂ ಬಿಡಬೇಕು. ರಸಾಯನಶಾಸ್ತ್ರದ ವಿಶಾಲ ಅರ್ಥವನ್ನು ಬಾಯಿಗೆ ತಂದು, ‘ಅಮಾಲ್ಗಮ್ ನೀರಿನೊಡನೆ ವರ್ತಿಸುತ್ತದಂತೆ, ಹಲ್ಲಿನದೂ ಕರಗೀತು’ ಎನ್ನುವುದು ಒಂದು ತಪ್ಪು. ಆ ಮಾತು ಸೋಡಿಯಂ ಅಮಾಲ್ಗಮ್‌ನದ್ದು. ‘ಪಾದರಸ ಬಂಧಿತವಾಗಿದೆ, ಆದ್ದರಿಂದ ಏನೇನೂ ಹೊರಬರುವುದಿಲ್ಲ’ ಎನ್ನುವುದು ಇನ್ನೊಂದು ತಪ್ಪು. ಅಗಿಯುವಾಗ, ಹಲ್ಲು ಕಡಿಯುವಾಗ ಅತಿ ಸ್ವಲ್ಪ ಪಾದರಸದ ಆವಿ ಬರುತ್ತದೆ. ಫಿಲ್ಲಿಂಗನ್ನು ಕೊರೆದು ತೆಗೆಯುವಾಗ ಅದು ಸ್ವಲ್ಪ ಕಾಲ ಹೆಚ್ಚಾಗುತ್ತದೆ. ಅದಕ್ಕಾಗಿಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ, ಒಳ್ಳೆಯ ಸ್ಥಿತಿಯಲ್ಲಿರುವ ಫಿಲ್ಲಿಂಗನ್ನು ವೈದ್ಯಕೀಯ ಅಗತ್ಯವಿಲ್ಲದೆ ತೆಗೆಸಬೇಡಿ ಎಂದು ಹೇಳಿತು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು ಮೊದಲಾದವರಿಗೆ ಹೊಸದಾಗಿ ಹಾಕಿಸುವಾಗ ಸಾಧ್ಯವಾದರೆ ಬೇರೆ ವಸ್ತು ಬಳಸುವುದು ಒಳ್ಳೆಯದು ಎಂದೂ ಸೂಚಿಸಿತು.

ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಮಿನಮಾಟ ಒಪ್ಪಂದವಾಯಿತು. ಭಾರತವೂ ಅದರಲ್ಲಿದೆ. ಒಪ್ಪಂದಕ್ಕೆ ಹೆಸರು ಕೊಟ್ಟ ಜಪಾನಿನ ಮಿನಮಾಟದಲ್ಲಿ ಜನರನ್ನು ನರಳಿಸಿದ್ದು ಹಲ್ಲಿನ ಫಿಲ್ಲಿಂಗ್ ಅಲ್ಲ. ಕಾರ್ಖಾನೆಯ ತ್ಯಾಜ್ಯದಿಂದ ಮೀನಿಗೆ ಸೇರಿದ ಮೀಥೈಲ್ ಪಾದರಸ. ಅದು ಅಮಾಲ್ಗಮ್ ಅಲ್ಲ, ಬೇರೆಯೇ ಸಂಯುಕ್ತ. ಮೊಬೈಲಿನ ಸಂದೇಶಗಳು ಇವೆರಡನ್ನೂ ‘ಪಾದರಸ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತವೆ. ಯುರೋಪಿಯನ್ ಒಕ್ಕೂಟ 2025ರಿಂದ ಹಲ್ಲಿನ ಅಮಾಲ್ಗಮ್ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿದೆ. ಅದರ ಒಂದು ಮುಖ್ಯ ಕಾರಣ ಪಾದರಸ ನೀರಿಗೆ, ಮಣ್ಣಿಗೆ ಸೇರಬಾರದು ಎಂಬುದು.

ನಮ್ಮ ಮನೆಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಒಡೆದ ಹಳೆಯ ಥರ್ಮಾಮೀಟರ್ ಬಗ್ಗೆ. ಅಲ್ಲಿರುವುದು ಬಂಧನವಿಲ್ಲದ ಪಾದರಸ. ಮಕ್ಕಳನ್ನು ಆಟವಾಡಲು ಬಿಡಬೇಡಿ, ಪೊರಕೆಯಿಂದ ಗುಡಿಸಬೇಡಿ, ಕಿಟಕಿ ತೆರೆಯಿರಿ. ಅದಕ್ಕೆ ತಾಗಿದ ಚಿನ್ನದ ಉಂಗುರ ಬೆಳ್ಳಗಾದರೆ ಅದೇ ಚಿನ್ನದ ಅಮಾಲ್ಗಮ್. ಅದನ್ನು ಒಲೆಯ ಮೇಲೆ ಕಾಯಿಸಬಾರದು, ಆವಿ ಶ್ವಾಸಕೋಶಕ್ಕೆ ಹೋಗುತ್ತದೆ. ಅಕ್ಕಸಾಲಿಗರಿಗೆ ಕೊಡುವಾಗಲೂ ಪಾದರಸ ತಾಗಿದೆ ಎಂದು ಮೊದಲೇ ತಿಳಿಸಿ, ಅವರ ಪ್ರಾಣವೂ ಅಮಾನತ್ತೇ.

ಹಲ್ಲಿನ ವಿಷಯದಲ್ಲಿ ವೈದ್ಯರನ್ನು ಮೂರು ಮಾತು ಕೇಳಿ: ನನ್ನ ಫಿಲ್ಲಿಂಗ್ ಯಾವ ವಸ್ತುವಿನದು? ಅದು ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ? ಮಗುವಿಗೆ ಅಥವಾ ಗರ್ಭಿಣಿ ಸೊಸೆಗೆ ಹಾಕುವುದಾದರೆ ಬೇರೆ ಯಾವುದಿದೆ? ಉತ್ತರ ಸಿಗುವ ತನಕ ಹಲ್ಲೂ ಇರಲಿ, ಫಿಲ್ಲಿಂಗೂ ಇರಲಿ.