ಅಮ್ಮನ ಗಂಟಲು ಚೆನ್ನಾಗೇ ಇತ್ತು, ಕೆಟ್ಟಿದ್ದು ಕೇಬಲ್!

ಬೆಳಗ್ಗೆ ಆರೂವರೆ ಆಯಿತೆಂದರೆ ಹನುಮಂತನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಶ್ರುತಿಪೆಟ್ಟಿಗೆ ಶುರು. ಕ್ಯಾಲಿಫೋರ್ನಿಯಾದಲ್ಲಿ ಆಗ ಬೇಸಿಗೆಯ ಸಂಜೆ ಆರು ಗಂಟೆ. ಅಲ್ಲಿನ ನಾಲ್ಕು ಮಕ್ಕಳು ಲ್ಯಾಪ್‌ಟಾಪ್ ಮುಂದೆ ಕೂತು ಅಮ್ಮನ ಹತ್ತಿರ ಸರಳೆ ವರಸೆ ಕಲೀತಾರೆ.

ಕೆಲವು ತಿಂಗಳ ಹಿಂದೆ ಮಕ್ಕಳು ದಿನಾ ಒಂದೇ ಮಾತು ಹೇಳೋಕೆ ಶುರು ಮಾಡಿದರು: “ಟೀಚರ್, ನಿಮ್ಮ ವಾಯ್ಸ್ ಒಡೀತಿದೆ.” ಅಮ್ಮ ಬಿಸಿನೀರು ಕುಡಿದಳು, ಮೆಣಸಿನ ಕಷಾಯ ಕುಡಿದಳು, ಮೊಸರು ಬಿಟ್ಟಳು. ಕೊನೆಗೆ ಒಂದು ರಾತ್ರಿ, “ಅರವತ್ತಾಯ್ತಲ್ಲೋ, ಗಂಟಲು ಹೋಯ್ತು ಅನ್ಸತ್ತೆ. ಮುಂದಿನ ತಿಂಗಳಿಂದ ಕ್ಲಾಸ್ ನಿಲ್ಲಿಸ್ತೀನಿ ಕಣೋ” ಅಂದಳು.

ಮನೇಲಿ ಎದುರು ಕೂತು ಕೇಳಿದರೆ ಅವಳ ಧ್ವನಿಯಲ್ಲಿ ಏನೂ ತೊಂದರೆ ಇರಲಿಲ್ಲ. ಆಗ ನನಗೆ ಅನುಮಾನ ಬಂತು.

ನಮ್ಮದು ಹಳೇ ಮನೆ, ದಪ್ಪ ಗೋಡೆ. ಕೆಳಗಿನ ರೂಟರ್‌ನ ವೈಫೈ ಮಹಡಿ ಹತ್ತೋದಿಲ್ಲ. ಅದಕ್ಕೇ ಮೆಟ್ಟಿಲ ಪಕ್ಕ ಒಂದು ಕೇಬಲ್ ಎಳೆದು, ಮೇಲೆ ಒಂದು ಸಾಧಾರಣ ಸ್ವಿಚ್ ಇಟ್ಟಿದ್ದೆ. ಅದು ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದ ಹಾಗೆ. ಚುಚ್ಚಿದರೆ ಕೆಲಸ ಮಾಡುತ್ತೆ, ಒಳಗೆ ಏನಾಗ್ತಿದೆ ಅಂತ ಹೇಳೋದಿಲ್ಲ. ಎಸ್.ಪಿ. ರೋಡಿಗೆ ಹೋಗಿ ಎಂಟು ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ ತಂದೆ. ಇದಕ್ಕೆ ತನ್ನದೇ ಒಂದು ಪುಟ ಇರುತ್ತೆ. ಬ್ರೌಸರ್‌ನಲ್ಲಿ ತೆರೆದು ನೋಡಬಹುದು, ಬದಲಾಯಿಸಬಹುದು.

ಮೊದಲ ದಿನವೇ ಕಳ್ಳ ಸಿಕ್ಕಿಬಿದ್ದ. ಉಳಿದ ಪೋರ್ಟ್‌ಗಳೆಲ್ಲ 1000 ಎಂಬಿಪಿಎಸ್ ತೋರಿಸ್ತಿದ್ದರೆ, ಕೆಳಗಿನ ರೂಟರ್‌ಗೆ ಹೋಗುವ ಒಂದನೇ ಪೋರ್ಟ್ ಮಾತ್ರ 100ರಲ್ಲಿ ನಿಂತಿತ್ತು. ನೆಟ್‌ವರ್ಕ್ ಕೇಬಲ್ ಒಳಗೆ ನಾಲ್ಕು ಜೊತೆ ತಂತಿ ಇರುತ್ತವೆ. 100ರ ವೇಗಕ್ಕೆ ಎರಡು ಜೊತೆ ಸಾಕು, 1000ಕ್ಕೆ ನಾಲ್ಕೂ ಬೇಕು. ತುದಿಯ ಪ್ಲಗ್‌ನಲ್ಲಿ ಒಂದು ಕಂದು ತಂತಿ ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ಪ್ಲಗ್ ಹಾಕಿದವನು ನಾನೇ!

ಇನ್ನೂ ಒಂದು ತಪ್ಪು ನನ್ನದೇ. ಕೆಳಗಿನ ಸ್ಟೋರೇಜ್ ಡಬ್ಬಿಗೆ ಫೋಟೊ, ವಿಡಿಯೊ ಬ್ಯಾಕಪ್ ಆಗೋದಕ್ಕೆ ಬೆಳಗ್ಗೆ ಆರು ಗಂಟೆ ಇಟ್ಟಿದ್ದೆ. 50 ಜಿಬಿ ಕಳಿಸೋಕೆ 100ರ ದಾರಿಯಲ್ಲಿ ಒಂದು ಗಂಟೆಗೂ ಮೇಲೆ ಬೇಕು. 1000ರಲ್ಲಿ ಏಳೆಂಟು ನಿಮಿಷ. ಆ ಒಂದು ಗಂಟೆ ನನ್ನ ಫೋಟೊಗಳೂ ಅಮ್ಮನ ಸ್ವರಗಳೂ ಅದೇ ಓಣಿಯಲ್ಲಿ ನುಗ್ಗಾಡ್ತಿದ್ದವು.

ಪ್ಲಗ್ ಹೊಸದಾಗಿ ಕ್ರಿಂಪ್ ಮಾಡಿದೆ. ಬ್ಯಾಕಪ್ಪನ್ನು ಮಧ್ಯರಾತ್ರಿಗೆ ತಳ್ಳಿದೆ. ಅಮ್ಮನ ಲ್ಯಾಪ್‌ಟಾಪ್ ಇರುವ ಪೋರ್ಟಿಗೆ ಹೆಚ್ಚಿನ ಆದ್ಯತೆ ಕೊಟ್ಟೆ. ದಾರಿ ತುಂಬಿದರೂ ಅವಳ ಮಾತು ಮೊದಲು ಹೋಗಲಿ ಅಂತ.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಗೇಟಿನ ಕ್ಯಾಮೆರಾಗಳನ್ನು ಬೇರೆ ಮಾಡೋಣ ಅನ್ನಿಸ್ತು. ಆಸೆ ತಪ್ಪಲ್ಲ: 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತ್ತು. ಒಂದೇ ಸ್ವಿಚ್ಚಿನೊಳಗೆ ಗೋಡೆ ಕಟ್ಟಿದ ಹಾಗೆ ಬೇರೆ ಬೇರೆ ಜಾಲ ಮಾಡುವ ಈ ವ್ಯವಸ್ಥೆಗೆ ವಿ-ಲ್ಯಾನ್ ಅಂತಾರೆ.

ಭಾನುವಾರ ಬೆಳಗ್ಗೆ ಆರಕ್ಕೆ ಕೂತೆ. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಮಹಡಿಯ ಪೋರ್ಟ್‌ಗಳನ್ನೆಲ್ಲ 10ನೇ ವಿ-ಲ್ಯಾನ್‌ಗೆ ಸರಿಸಿದೆ. ಸ್ವಿಚ್ಚಿನ ಪುಟ ಮಾತ್ರ 1ರಲ್ಲೇ ಉಳೀತು. ರೂಟರ್‌ಗಂತೂ ಈ ವಿಷಯ ಹೇಳೇ ಇರಲಿಲ್ಲ. ಪುಟ ಮಾಯ, ಮಹಡಿಯ ಇಂಟರ್ನೆಟ್ಟೂ ಮಾಯ. ಗಂಟೆ 6:20. ಅಮ್ಮ ಶ್ರುತಿಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನನಗೆ ಬೆವರು.

“ಆಫ್ ಮಾಡಿ ಆನ್ ಮಾಡೋ. ಸೆಟ್ ಟಾಪ್ ಬಾಕ್ಸ್‌ಗೆ ಹಾಗೇ ತಾನೇ ಮಾಡೋದು?” ಅಂದಳು.

ನಗೋದಕ್ಕೆ ಹೋದವನು ಸುಮ್ಮನಾದೆ. ಅವಳು ಹೇಳಿದ್ದೇ ಸರಿ! ಇಂಥ ಅನೇಕ ಸ್ವಿಚ್‌ಗಳಲ್ಲಿ ‘ಸೇವ್’ ಒತ್ತುವ ತನಕ ಬದಲಾವಣೆ ಕಾಯಂ ಆಗೋದಿಲ್ಲ. ನಾನು ಸೇವ್ ಮಾಡಿರಲಿಲ್ಲ. ಪ್ಲಗ್ ಕಿತ್ತು ಹಾಕಿದ ಮೇಲೆ ಎಲ್ಲ ಮೊದಲಿನಂತೆ. ಕ್ಲಾಸ್ ಎರಡು ನಿಮಿಷ ತಡ, ಅಷ್ಟೇ.

ನೀವೂ ಕೈ ಹಾಕೋದಾದರೆ ನನ್ನ ಪಾಠ ಕೇಳಿ. ಮೊದಲು ಪಾಸ್‌ವರ್ಡ್ ಬದಲಾಯಿಸಿ. ಯಾವ ಪೋರ್ಟಲ್ಲಿ ಏನಿದೆ ಅಂತ ಹಾಳೆಯಲ್ಲಿ ಬರೆದು ಅಂಟಿಸಿ. ಪ್ರತಿ ಪೋರ್ಟಿನ ವೇಗ ನೋಡಿ. ಅರ್ಧ ರೋಗ ಅಲ್ಲೇ ಸಿಗುತ್ತೆ. ವಿ-ಲ್ಯಾನ್ ಮಾಡೋ ಮುಂಚೆ ನಿಮ್ಮ ರೂಟರ್‌ಗೆ ಅದು ಗೊತ್ತಾಗುತ್ತಾ ವಿಚಾರಿಸಿ, ಎಲ್ಲ ರೂಟರ್‌ಗಳಲ್ಲೂ ಆ ಸೌಲಭ್ಯ ಇರೋದಿಲ್ಲ. ಒಂದು ಪೋರ್ಟನ್ನು ಮುಟ್ಟದೆ ಹಳೇ ಜಾಲದಲ್ಲೇ ಬಿಡಿ, ಒಳಗೆ ಬರೋಕೆ ಒಂದು ಬಾಗಿಲು ಇರಲಿ. ಎಲ್ಲ ಸರಿ ಇದೆ ಅಂತ ಖಾತ್ರಿ ಆದಮೇಲೆ ಮಾತ್ರ ಸೇವ್ ಒತ್ತಿ. ಮನೆಯವರ ಕೆಲಸದ ಹೊತ್ತಿನಲ್ಲಿ ಮಾತ್ರ ಕೂರಬೇಡಿ.

ಮರುದಿನ ಬೆಳಗ್ಗೆ ಕ್ಲಾಸ್ ಮುಗಿಸಿ ಅಮ್ಮ ಕಾಫಿ ತಂದಳು. “ಯಾರೂ ಒಡೀತಿದೆ ಅನ್ನಲಿಲ್ಲ ಕಣೋ” ಅಂದಳು. ಕ್ಲಾಸ್ ನಿಲ್ಲಿಸೋ ಮಾತು ಮತ್ತೆ ಬಂದಿಲ್ಲ. ಊಟಕ್ಕೆ ಮೊಸರು ವಾಪಸ್ ಬಂದಿದೆ.