ಬಿಚ್ಚಿದರೆ ಮತ್ತೆ ನೂಲು

ಮಕ್ಕಳೇ, ಮೊದಲು ಒಂದು ಸಣ್ಣ ಪರೀಕ್ಷೆ. ನೀವು ತೊಟ್ಟಿರುವ ಟೀ ಶರ್ಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಈಗ ಅಜ್ಜನ ಪಂಚೆಯನ್ನೋ ಅಜ್ಜಿಯ ಹತ್ತಿ ಸೀರೆಯನ್ನೋ, ಅವರನ್ನು ಕೇಳಿಕೊಂಡೇ, ಹಾಗೆ ಎಳೆದು ನೋಡಿ. ಅದು ಅಷ್ಟು ಜಗ್ಗುವುದಿಲ್ಲ. ಎರಡೂ ಹತ್ತಿಯೇ ಅಲ್ಲವೇ? ಮತ್ತೇಕೆ ಹೀಗೆ?

ಪಂಚೆ, ಸೀರೆ ನೇಯ್ದದ್ದು. ಟೀ ಶರ್ಟು, ಬನಿಯನ್ನು, ಕಾಲುಚೀಲ ಹೆಣೆದದ್ದು. ನೇಯ್ಗೆಯಲ್ಲಿ ಹಾಸಿನ ನೂಲು ಉದ್ದಕ್ಕೆ, ಹೊಕ್ಕಿನ ನೂಲು ಅಡ್ಡಕ್ಕೆ, ಎರಡೂ ನೆಟ್ಟಗೆ ಓಡುತ್ತವೆ. ಹೆಣಿಗೆಯಲ್ಲಿ ಒಂದೇ ನೂಲು ಬಳಸಿ ಬಳಸಿ ಸಾಗುತ್ತದೆ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಎಳೆದಾಗ ಕುಣಿಕೆಗಳು ಬಾಯಿ ತೆರೆಯುತ್ತವೆ, ಬಿಟ್ಟಾಗ ಮುಚ್ಚಿಕೊಳ್ಳುತ್ತವೆ. ಹಿಗ್ಗುವ ಗುಟ್ಟು ಇಷ್ಟೇ. ಇಂಥ ಬಟ್ಟೆಯನ್ನು ಇಂದು ಯಂತ್ರಗಳೇ ಹೆಣೆಯುತ್ತವೆ. ತಮಿಳುನಾಡಿನ ತಿರುಪ್ಪೂರು ಇದಕ್ಕೇ ಹೆಸರಾದ ಊರು. ಮೊದಲ ಹೆಣಿಗೆ ಯಂತ್ರವನ್ನು 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಮಾಡಿದ. ಕೈಯಲ್ಲಿ ಹೆಣೆದು ಬದುಕುವ ಬಡವರ ಅನ್ನ ಹೋದೀತೆಂದು ರಾಣಿ ಒಂದನೇ ಎಲಿಜಬೆತ್ ಅವನಿಗೆ ಹಕ್ಕುಪತ್ರ ಕೊಡಲಿಲ್ಲವಂತೆ. ಯಂತ್ರ ಬಂದು ನಾನೂರು ವರ್ಷ ದಾಟಿತು. ಆದರೂ ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಹಿಡಿದು ಕೂರುವವರು ಇನ್ನೂ ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ನನಗೀಗ 74. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಹೆಣಿಗೆ ಕಲಿಸಿದವರು ನಮ್ಮಮ್ಮ, ಚಿಕ್ಕಮಗಳೂರಿನ ಮನೆಯ ಜಗಲಿಯಲ್ಲಿ, ನನಗೆ ಹತ್ತು ವರ್ಷವಿದ್ದಾಗ. ನೌಕರಿಯ ಕಾಲದಲ್ಲಿ ಕಡ್ಡಿಗಳು ಟ್ರಂಕಿನಲ್ಲಿದ್ದವು. ನಿವೃತ್ತಿಯಾದ ಮೇಲೆ ಕೈಗೆ ಬಂದವು. ಬೆಳಗಿನ ಬಿಸಿಲಿಗೆ ಪಾರ್ಕಿನ ಬೆಂಚಿನಲ್ಲಿ ಕೂತರೆ ವಾಕಿಂಗಿಗೆ ಬಂದವರು ನಿಂತು ಕೇಳುತ್ತಾರೆ: ‘ಏನ್ ರಾಯರೇ, ಮನೆಯವರ ಕೆಲಸ ನೀವು ಮಾಡ್ತಿದೀರಿ?’ ‘ಅವರಿಗೆ ಬರೋದಿಲ್ಲ ಸ್ವಾಮಿ, ನನಗೆ ಬರುತ್ತೆ’ ಎನ್ನುತ್ತೇನೆ.

ಇದು ಹೆಂಗಸರ ಕೆಲಸ ಎಂದವರು ಯಾರೋ! ಐನೂರು ವರ್ಷಗಳ ಹಿಂದೆ ಯೂರೋಪಿನ ಹಲವು ಪಟ್ಟಣಗಳಲ್ಲಿ ಹೆಣೆಯುವ ಕಸುಬುದಾರರ ಸಂಘಗಳಿದ್ದವು. ಅವುಗಳಲ್ಲಿದ್ದವರು ಬಹುಪಾಲು ಗಂಡಸರು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಟಿಟಿಕಾಕಾ ಎಂಬ ದೊಡ್ಡ ಸರೋವರವಿದೆ. ಅದರ ನಡುವಿನ ಟಕೀಲೆ ದ್ವೀಪದಲ್ಲಿ ಇಂದಿಗೂ ಟೊಪ್ಪಿಗೆ ಹೆಣೆಯುವವರು ಗಂಡಸರು. ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಆ ದ್ವೀಪದ ಹೆಣಿಗೆ, ನೇಯ್ಗೆಗಳನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಪರಂಪರೆಯೆಂದು ಗುರುತಿಸಿತು. ಇನ್ನು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ನೆನಪಿದೆಯೇ? ಇಂಗ್ಲೆಂಡಿನ ಡೈವಿಂಗ್ ಪಟು ಟಾಮ್ ಡೇಲಿ ಪ್ರೇಕ್ಷಕರ ನಡುವೆ ಕೂತು ಹೆಣೆಯುತ್ತಿದ್ದುದನ್ನು ಲೋಕವೇ ನೋಡಿತು. ಗೆದ್ದ ಚಿನ್ನದ ಪದಕಕ್ಕೆ ಗೀರು ಬೀಳದಿರಲೆಂದು ಒಂದು ಪುಟ್ಟ ಚೀಲವನ್ನೂ ಹೆಣೆದುಕೊಂಡಿದ್ದರು. ಹುಡುಗರೇ, ನಿಮಗೆ ಸಂಕೋಚ ಬೇಡ.

ಈಗ ನನ್ನ ಕಡ್ಡಿಗಳ ಮೇಲೆ ಏನೇನಿದೆ, ಹೇಳುತ್ತೇನೆ.

ಮೊದಲನೆಯದು, ಏಳನೇ ತರಗತಿಯ ಮೊಮ್ಮಗನಿಗೆ ತೋಳಿಲ್ಲದ ಸ್ವೆಟರ್. ‘ತಾತ, ಎಷ್ಟು ಕುಣಿಕೆ ಹಾಕ್ಬೇಕು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿದ. ‘ನಿನ್ನ ಗಣಿತದ ಪುಸ್ತಕ ತಾ’ ಎಂದೆ. ಮೊದಲು ಅಂಗೈಯಗಲದ ಒಂದು ಮಾದರಿ ತುಂಡು ಹೆಣೆದು ಅಳೆಯಬೇಕು. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಬಂತು. ಅವನ ಸ್ವೆಟರಿನ ಮುಂಭಾಗದ ಅಗಲ 35 ಸೆಂಟಿಮೀಟರ್. ನಮ್ಮ ಕಾಲದ ತ್ರೈರಾಶಿ: ಹತ್ತಕ್ಕೆ ಇಪ್ಪತ್ತೆರಡಾದರೆ ಮೂವತ್ತೈದಕ್ಕೆ ಎಷ್ಟು? 77. ಆದರೆ ಕೆಳಗಿನ ಪಟ್ಟಿಯನ್ನು ಎರಡು ಸೀದಾ, ಎರಡು ಉಲ್ಟಾ ಎಂದು ಹೆಣೆಯುತ್ತೇವೆ. ಸೊಂಟಕ್ಕೆ ಹಿಡಿದು ನಿಲ್ಲುವುದು ಅದೇ. ಎರಡೂ ತುದಿಗೆ ಎರಡೆರಡು ಸೀದಾ ಕುಣಿಕೆ ಬರಬೇಕಾದರೆ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದಾಗ ಎರಡು ಉಳಿಯಬೇಕು. ಹಾಗಾಗಿ 78. ಲೆಕ್ಕ ಮಾಡಿದವನು ಅವನೇ. ಸ್ವೆಟರ್ ಹಿಡಿಸದಿದ್ದರೆ ನನ್ನನ್ನು ಬೈಯುವಂತಿಲ್ಲ!

ಎರಡನೆಯದು ನನ್ನದಲ್ಲ, ಮೊಮ್ಮಗಳದು. ಅವಳಿಗೆ ಒಂಬತ್ತು ವರ್ಷ. ಮೂವತ್ತು ಕುಣಿಕೆಯ ಮಫ್ಲರ್ ಶುರು ಮಾಡಿದ್ದಾಳೆ. ಪ್ರತಿ ಸಾಲು ಮುಗಿದಾಗಲೂ ಎಣಿಸಬೇಕೆಂದು ಕಟ್ಟುನಿಟ್ಟು ಮಾಡಿದ್ದೇನೆ. ಇಪ್ಪತ್ತೊಂಬತ್ತಾದರೆ ಒಂದು ಜಾರಿದೆ, ಮೂವತ್ತೊಂದಾದರೆ ಎಲ್ಲೋ ನೂಲು ಸುತ್ತಿಕೊಂಡಿದೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ನಮ್ಮ ಜಗಲಿಯಲ್ಲೂ ಅದೇ ಕಾನೂನು. ಒಂದೇ ಅನುಕೂಲವೆಂದರೆ, ಇಲ್ಲಿ ಹೆಚ್ಚುಕಡಿಮೆಯಾದರೆ ಜೇಬಿನಿಂದ ಕಟ್ಟಬೇಕಾಗಿಲ್ಲ. ಎಳೆದರೆ ಬಿಚ್ಚುತ್ತದೆ, ನೂಲು ನೂಲಾಗಿಯೇ ಉಳಿಯುತ್ತದೆ. ಮಣ್ಣಿನ ಮಡಕೆ ಒಡೆದರೆ, ಮರವನ್ನು ತಪ್ಪಾಗಿ ಕೊಯ್ದರೆ ಮತ್ತೆ ಕೂಡಿಸಲಾಗದು. ಹೆಣಿಗೆಗೆ ಆ ಭಯವಿಲ್ಲ.

ಮೂರನೆಯ ಕೆಲಸದಲ್ಲಿ ಈ ಮಾತು ನನ್ನನ್ನೇ ಪರೀಕ್ಷೆ ಮಾಡಿತು.

ನಮ್ಮಮ್ಮ 1968ರಲ್ಲಿ ಅಪ್ಪನಿಗೆ ಒಂದು ಮೆರೂನ್ ಬಣ್ಣದ ಸ್ವೆಟರ್ ಹೆಣೆದಿದ್ದರು. ಅಸಲಿ ಉಣ್ಣೆ. ಅಪ್ಪ ಅದನ್ನು ಇಪ್ಪತ್ತು ವರ್ಷ ತೊಟ್ಟರು. ಆಮೇಲೆ ಘಟ್ಟದ ಶಾಖೆಗೆ ವರ್ಗವಾದಾಗ ನಾನು ತೊಟ್ಟೆ. ನುಸಿಗುಳಿಗೆ ಹಾಕಿ ಇಟ್ಟಿದ್ದರೂ ಮೊಣಕೈಯ ಹತ್ತಿರ ಹುಳು ತಿಂದಿತ್ತು, ಕೈಪಟ್ಟಿ ಹರಿದಿತ್ತು. ತೊಡುವಂತಿಲ್ಲ, ಎಸೆಯುವಂತಿಲ್ಲ. ಬಿಚ್ಚಿ ಬೇರೇನಾದರೂ ಮಾಡೋಣವೆಂದು ಬೆಂಗಳೂರಿನಲ್ಲಿರುವ ತಂಗಿಗೆ ಫೋನ್ ಮಾಡಿದೆ.

‘ಬೇಡ ಅಣ್ಣಾ. ಅಮ್ಮನ ಕೈಯದ್ದು ಅಂತ ಉಳಿದಿರೋದು ಅದೊಂದೇ. ಬಿಚ್ಚಿದ್ರೆ ಏನುಳಿಯುತ್ತೆ?’ ಎಂದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ಆದರೆ ಹುಳು ತಿಂಗಳು ಎಣಿಸುವುದಿಲ್ಲ, ರಂಧ್ರ ದೊಡ್ಡದಾಗುತ್ತಿತ್ತು. ಕೊನೆಗೆ ಅವಳಿಗೆ ಮತ್ತೆ ಫೋನ್ ಮಾಡಿದೆ. ‘ಜೇಬನ್ನಾದ್ರೂ ಬಿಡು. ಅದ್ರಲ್ಲಿ ಅಪ್ಪನ ನಶ್ಯದ ಡಬ್ಬಿ ಇರ್ತಿತ್ತು’ ಎಂದಳು. ಹಾಗೇ ಆಗಲಿ ಎಂದೆ.

ಹೆಣೆದದ್ದನ್ನು ಬಿಚ್ಚುವಾಗ ಮುಗಿಸಿದ ಕಡೆಯಿಂದ ತೊಡಗಬೇಕು. ಅಮ್ಮ ಕೊನೆಗೆ ನೂಲು ಕತ್ತರಿಸಿದ್ದು ಕತ್ತಿನ ಪಟ್ಟಿಯಲ್ಲಿ. ನನ್ನ ಕೆಲಸ ಅಲ್ಲಿಂದಲೇ ಆರಂಭವಾಯಿತು. ಪಕ್ಕದ ಹೊಲಿಗೆ ತೆಗೆದಾಗ ಒಳಮಗ್ಗುಲಲ್ಲಿ ಬಿಸಿಲು ಕಾಣದ ಉಣ್ಣೆ ಹೊಸದರಂತೆ ಕಡುಗೆಂಪಾಗಿತ್ತು. ಇಷ್ಟು ವರ್ಷ ನಾವು ನೋಡಿದ್ದೆಲ್ಲ ಮಾಸಿದ ಬಣ್ಣ. ಇನ್ನೊಂದು ಸೋಜಿಗ: ಹೊಸ ಉಂಡೆ ಸೇರಿಸಿದ ಕಡೆ ಗಂಟು ಇರಬೇಕಲ್ಲ, ಹುಳು ಮುಟ್ಟದ ಭಾಗದಲ್ಲಿ ಎಲ್ಲೂ ಒಂದು ಗಂಟು ಸಿಗಲಿಲ್ಲ. ಆಗ ನೆನಪಾಯಿತು. ಅಮ್ಮ ಎರಡು ನೂಲಿನ ತುದಿಗಳನ್ನು ಒದ್ದೆ ಮಾಡಿ, ಒಂದರ ಮೇಲೊಂದಿಟ್ಟು ಎರಡೂ ಅಂಗೈ ನಡುವೆ ಬಿಸಿಯಾಗುವಂತೆ ತಿಕ್ಕುತ್ತಿದ್ದರು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ನೀರು, ಬಿಸಿ, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಒಂದೇ ನೂಲಾಗುತ್ತವೆ. ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವ ಅಕ್ರಿಲಿಕ್ ನೂಲಿಗೆ ಈ ಗುಣವಿಲ್ಲ. ಸ್ವೆಟರನ್ನು ಹಾಗೇ ಮಡಿಸಿಟ್ಟಿದ್ದರೆ ಅಮ್ಮನ ಈ ಕೈಚಳಕ ನನಗೆ ನೆನಪಾಗುತ್ತಲೇ ಇರಲಿಲ್ಲ.

ಬಿಚ್ಚಿದ ನೂಲು ಗುಂಗುರು ಕೂದಲಿನಂತಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ತೂಗುಹಾಕಿದರೆ ಸುರುಳಿ ಇಳಿಯುತ್ತದೆ. ಹುಳು ತಿಂದ ಚೂರುಗಳನ್ನು ಬಿಟ್ಟು 310 ಗ್ರಾಂ ನೂಲು ಉಳಿಯಿತು. ಅದರಲ್ಲಿ ತಂಗಿಯ ಮೊಮ್ಮಗುವಿಗೆ ಒಂದು ಕುಲಾವಿ ಆಗಿದೆ. ಚಳಿಗೆ ಪಾದ ಮರಗಟ್ಟುತ್ತದೆ ಎನ್ನುವ ತಂಗಿಗೆ ಕಾಲುಚೀಲ ನಡೆಯುತ್ತಿದೆ. ಇದಕ್ಕೆ ಎರಡೂ ತುದಿ ಚೂಪಾದ ನಾಲ್ಕು ಕಡ್ಡಿ ಬೇಕು: ಮೂರರ ಮೇಲೆ ಕುಣಿಕೆಗಳು, ನಾಲ್ಕನೆಯದರಲ್ಲಿ ಹೆಣಿಗೆ. ಸುತ್ತಿ ಸುತ್ತಿ ಹೋದರೆ ಕೊಳವೆಯಾಗುತ್ತದೆ. ಹಿಮ್ಮಡಿಯಲ್ಲಿ ಮಾತ್ರ ಅರ್ಧ ಕುಣಿಕೆಗಳನ್ನು ನಿಲ್ಲಿಸಿ, ಉಳಿದರ್ಧದಲ್ಲಿ ಹಿಂದೆ ಮುಂದೆ ಹೆಣೆದು ತಿರುವು ತರಬೇಕು. ಒಂದು ಮುಗಿದಿದೆ, ಇನ್ನೊಂದರ ಹಿಮ್ಮಡಿಗೆ ಬಂದಿದ್ದೇನೆ. ಜೇಬನ್ನು ಬಿಚ್ಚದೆ ಜೋಪಾನ ಮಾಡಿದ್ದೇನೆ. ಕಾಲುಚೀಲದ ಜೊತೆಗೇ ಕಳಿಸಬೇಕು. ಅವಳಿಗೆ ಪೂರ್ತಿ ಸಮಾಧಾನವಾಗಿದೆಯೆಂದು ಹೇಳಲಾರೆ. ಆದರೆ ಮೊನ್ನೆ ಫೋನಿನಲ್ಲಿ, ‘ತಣ್ಣೀರಲ್ಲೇ ಒಗೀಬೇಕಾ ಅಣ್ಣಾ?’ ಎಂದು ಕೇಳಿದಳು.

ನೀವೂ ಶುರು ಮಾಡುತ್ತೀರಾದರೆ 8ನೇ ನಂಬರಿನ ಒಂದು ಜೊತೆ ಕಡ್ಡಿ ತನ್ನಿ. ನಮ್ಮ ಅಂಗಡಿಗಳ ಹಳೆಯ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. 12ನೆಯದು 8ಕ್ಕಿಂತ ತೆಳ್ಳಗೆ. ನೂಲು ಕಪ್ಪು ಬೇಡ, ಕುಣಿಕೆ ಕಾಣುವುದಿಲ್ಲ. ತಿಳಿ ಬಣ್ಣದ ಅಕ್ರಿಲಿಕ್ ಸಾಕು. ಮೂವತ್ತು ಕುಣಿಕೆ ಹಾಕಿ, ಎಲ್ಲ ಸಾಲುಗಳನ್ನೂ ಸೀದಾ ಹೆಣೆಯಿರಿ. ಹೀಗೆ ಹೆಣೆದ ಮಫ್ಲರಿನ ಅಂಚು ಸುರುಳಿಯಾಗದು. ದಿನಕ್ಕೆ ಹತ್ತು ಸಾಲಾದರೂ ಸರಿ. ಕಡ್ಡಿಗಳನ್ನು ಕೂರುವ ಜಾಗದಲ್ಲಿ ಮಾತ್ರ ಬಿಡಬೇಡಿ.

ನನ್ನ ವಯಸ್ಸಿನವರಿಗೆ ಒಂದು ಮಾತು. ಟ್ರಂಕಿನಲ್ಲಿ ನಿಮ್ಮ ಹಳೆಯ ಕಡ್ಡಿಗಳಿದ್ದರೆ ಹೊರಗೆ ತೆಗೆಯಿರಿ. ಹುಳು ಹತ್ತಿದ ಸ್ವೆಟರ್ ಇದ್ದರೆ ಅದನ್ನೂ. ಲಡಿಯಿಂದ ಉಂಡೆ ಸುತ್ತುವಾಗ ಒಬ್ಬರು ಲಡಿಯನ್ನು ಎರಡೂ ಕೈಗೆ ಹಾಕಿಕೊಂಡು ಎದುರು ಕೂರಬೇಕು. ಮೊಮ್ಮಕ್ಕಳನ್ನು ಕರೆಯಿರಿ. ಅಷ್ಟು ಹೊತ್ತು ಅವರ ಎರಡೂ ಕೈ ನಿಮ್ಮ ನೂಲಿನಲ್ಲಿರುತ್ತದೆ. ಮೊಬೈಲ್ ಮುಟ್ಟಲು ಮೂರನೆಯ ಕೈ ಇರುವುದಿಲ್ಲ.