ಯೆಹೂದಿ ಅನುಭಾವದಲ್ಲಿ ಹಣದ ಅರ್ಥ

ಹಣವನ್ನು ಕುರಿತು ಅನುಭಾವಿಗಳ ಮಾತು ಸಾಮಾನ್ಯವಾಗಿ ನಿರಾಕರಣೆಯ ಮಾತು. ಧನವು ಬಂಧನ, ಸಾಧಕನು ಅದರಿಂದ ದೂರವಿರತಕ್ಕದ್ದು ಎಂಬ ನಿಲುವು ಅನೇಕ ಧರ್ಮಗಳಲ್ಲಿ ಕಂಡುಬರುತ್ತದೆ. ಕಬ್ಬಾಲಾ ಎಂದು ಹೆಸರಾದ ಯೆಹೂದಿ ಅನುಭಾವ ಪರಂಪರೆಯ ಮಾರ್ಗ ಇದಕ್ಕಿಂತ ಭಿನ್ನವಾದುದು. ಅಲ್ಲಿ ಹಣವು ತ್ಯಾಜ್ಯವಸ್ತುವಲ್ಲ, ವಿಮೋಚನೆಗೆ ಕಾದಿರುವ ವಸ್ತು. ಮಧ್ಯಯುಗದ ಯೂರೋಪಿನಲ್ಲಿ ಭೂಮಿಯ ಒಡೆತನದಿಂದಲೂ ವೃತ್ತಿಸಂಘಗಳಿಂದಲೂ ಬಹುಮಟ್ಟಿಗೆ ಹೊರಗುಳಿದ ಯೆಹೂದಿಗಳಲ್ಲಿ ಹಲವರು ಲೇವಾದೇವಿಯನ್ನು ಅವಲಂಬಿಸಬೇಕಾಯಿತು. ಅದರಿಂದ ಬೆಳೆದ ‘ಧನಲೋಭಿ ಯೆಹೂದಿ’ ಎಂಬ ಪಡಿಯಚ್ಚು ಶೇಕ್ಸ್‌ಪಿಯರನ ಶೈಲಾಕನ ಮೂಲಕ ಭಾರತದ ತರಗತಿಗಳನ್ನೂ ತಲುಪಿದೆ. ಹೊರಗಿನವರು ಕೊಟ್ಟ ಈ ಚಿತ್ರಕ್ಕೂ ಆ ಜನಾಂಗದ ಅನುಭಾವಿಗಳು ಹಣದಲ್ಲಿ ಕಂಡ ಅರ್ಥಕ್ಕೂ ಇರುವ ಅಂತರ ಗಮನಾರ್ಹವಾದುದು.

ಈ ಅರ್ಥದ ಬೇರುಗಳು ಹೀಬ್ರೂ ಭಾಷೆಯಲ್ಲಿಯೇ ಇವೆ. ‘ಕೆಸೆಫ್’ ಎಂದರೆ ಬೆಳ್ಳಿ, ಹಣ. ಅದೇ ಅಕ್ಷರಗಳ ಧಾತುವಿಗೆ ಹಂಬಲಿಸು ಎಂಬ ಅರ್ಥವೂ ಉಂಟು. ರಕ್ತ ಎಂಬರ್ಥದ ‘ದಾಮ್’ ಶಬ್ದದ ಬಹುವಚನವಾದ ‘ದಾಮಿಮ್’ ರಬ್ಬಿಗಳ ಬಳಕೆಯಲ್ಲಿ ಹಣ, ಬೆಲೆ ಎಂಬುದನ್ನೂ ಸೂಚಿಸುತ್ತದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇಂತಹ ಸಂಬಂಧಗಳು ಎಷ್ಟು ಸಾಧುವೆಂಬುದು ಬೇರೆಯ ಪ್ರಶ್ನೆ. ಅನುಭಾವಿಗೆ ಶಬ್ದಸಾಮ್ಯವೇ ಪ್ರಮಾಣ. ಹಣವೆಂದರೆ ಹೆಪ್ಪುಗಟ್ಟಿದ ಹಂಬಲ, ದುಡಿದವನ ರಕ್ತ. ಹಣ ನೀಡುವುದನ್ನು ಸೂಚಿಸುವ ‘ತ್ಸೆದಾಕಾ’ ಶಬ್ದವನ್ನು ದಾನವೆಂದು ಅನುವಾದಿಸಿದರೆ ಅದರ ಅರ್ಥ ಪೂರ್ಣವಾಗುವುದಿಲ್ಲ. ಅದು ನ್ಯಾಯವೆಂಬರ್ಥದ ‘ತ್ಸೆದೆಕ್’ ಶಬ್ದಕ್ಕೆ ಸಂಬಂಧಿಸಿದ್ದು. ಕೊಡುವವನು ಉದಾರಿಯಲ್ಲ, ಸಲ್ಲಬೇಕಾದುದನ್ನು ಸಲ್ಲಿಸುವವನು.

ವಿಮೋಚನಕಾಂಡದ ಮೂವತ್ತನೆಯ ಅಧ್ಯಾಯದಲ್ಲಿ, ಜನಗಣತಿಯ ಸಂದರ್ಭದಲ್ಲಿ ಪ್ರತಿಯೊಬ್ಬನೂ ತನ್ನ ಪ್ರಾಣದ ಈಡಾಗಿ ಅರ್ಧ ಶೆಕೆಲ್ ಸಲ್ಲಿಸಬೇಕೆಂಬ ವಿಧಿಯಿದೆ. ಧನಿಕನು ಹೆಚ್ಚು ಕೊಡುವಂತಿಲ್ಲ, ಬಡವನು ಕಡಿಮೆ ಕೊಡುವಂತಿಲ್ಲ. ಲೋಹದ ತುಂಡೊಂದು ಪ್ರಾಣಕ್ಕೆ ಹೇಗೆ ಸಮನಾದೀತು? ದೇವರು ತನ್ನ ಸಿಂಹಾಸನದ ಅಡಿಯಿಂದ ಬೆಂಕಿಯ ನಾಣ್ಯವೊಂದನ್ನು ತೆಗೆದು ಮೋಶೆಗೆ ತೋರಿಸಿದನೆಂದು ರಬ್ಬಿಗಳ ಐತಿಹ್ಯ ಹೇಳುತ್ತದೆ. ಮುಂದಿನ ವ್ಯಾಖ್ಯಾನಕಾರರು ಇದನ್ನು ವಿಸ್ತರಿಸಿದರು: ಹಣವು ಬೆಂಕಿಯಂತೆ, ಬೇಯಿಸಲೂ ಬಲ್ಲದು, ಸುಡಲೂ ಬಲ್ಲದು.

ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನಿನ ಕಾಸ್ಟೀಲ್ ಪ್ರಾಂತದಲ್ಲಿ ಬೆಳಕಿಗೆ ಬಂದ ‘ಜೋಹರ್’ ಈ ವಿಚಾರಕ್ಕೆ ತಾತ್ತ್ವಿಕ ಚೌಕಟ್ಟನ್ನು ಒದಗಿಸಿತು. ಅದರ ಮುಖ್ಯ ಭಾಗವು ಮೋಸೆಸ್ ದೆ ಲಿಯೋನನ ರಚನೆಯೆಂದು ಗೆರ್ಶೋಮ್ ಶೋಲೆಮ್ ವಾದಿಸಿದ್ದಾರೆ. ಕಬ್ಬಾಲಾದ ಪ್ರಕಾರ ಅನಂತವಾದ ದೈವವು ‘ಸೆಫಿರೋತ್’ ಎಂಬ ಹತ್ತು ಶಕ್ತಿರೂಪಗಳಲ್ಲಿ ಪ್ರಕಟವಾಗುತ್ತದೆ. ಬೆಳ್ಳಿ ಕೃಪೆಯ ಸಂಕೇತ, ಚಿನ್ನ ಕಠಿಣ ನ್ಯಾಯದ ಸಂಕೇತ. ಕೊನೆಯ ರೂಪವಾದ ‘ಮಲ್ಖೂತ್’ ಅಥವಾ ಶೆಖಿನಾ, ಲೋಕದಲ್ಲಿ ನೆಲೆಸಿರುವ ದೈವಸಾನ್ನಿಧ್ಯ. ಅವಳಿಗೆ ಸ್ವಂತದ್ದೆಂಬುದು ಏನೂ ಇಲ್ಲ. ಮೇಲಿನಿಂದ ಪಡೆದುದೇ ಅವಳ ಬೆಳಕು. ಆದುದರಿಂದ ಬಡವನು ಶೆಖಿನಾಳ ಪ್ರತಿರೂಪ.

1492ರಲ್ಲಿ ಸ್ಪೇನಿನಿಂದ ಯೆಹೂದಿಗಳು ಹೊರದೂಡಲ್ಪಟ್ಟ ಬಳಿಕ ಕಬ್ಬಾಲಾದ ಕೇಂದ್ರವು ಗಲಿಲಾಯದ ಸಫೇದ್ ಪಟ್ಟಣಕ್ಕೆ ಸರಿಯಿತು. ಅಲ್ಲಿ ಐಸಾಕ್ ಲೂರಿಯ (1534–1572) ಬೋಧಿಸಿದ ಸೃಷ್ಟಿಕಥನದಲ್ಲಿ ದೇಶಭ್ರಷ್ಟ ಜನರ ನೋವು ಧ್ವನಿಸುತ್ತದೆ ಎಂಬುದು ಶೋಲೆಮರ ಅಭಿಪ್ರಾಯ. ದಿವ್ಯಪ್ರಕಾಶವನ್ನು ತಾಳಲಾರದೆ ಪಾತ್ರೆಗಳು ಒಡೆದವು. ಕಿಡಿಗಳು ಜಡವಸ್ತುಗಳಲ್ಲಿ ಸೆರೆಯಾದವು. ಅವುಗಳನ್ನು ಮೇಲೆತ್ತುವುದೇ ಮನುಷ್ಯನ ಕರ್ತವ್ಯ. ಹೀಗಾಗಿ ಒಬ್ಬನ ಕೈಗೆ ಬಂದ ಸ್ವತ್ತು ಆಕಸ್ಮಿಕವಲ್ಲ. ಯಾಕೋಬನು ಮರೆತ ಸಣ್ಣ ಪಾತ್ರೆಗಳಿಗಾಗಿ ರಾತ್ರಿಯಲ್ಲಿ ಹೊಳೆಯ ಬಳಿ ಒಬ್ಬನೇ ಉಳಿದನೆಂದು ತಾಲ್ಮೂದ್ ಹೇಳುತ್ತದೆ. ನೀತಿವಂತರು ಕಳವಿಗೆ ಕೈಚಾಚದವರಾದ್ದರಿಂದ ಅವರಿಗೆ ತಮ್ಮ ಸ್ವತ್ತು ಅಮೂಲ್ಯ ಎಂಬುದು ತಾಲ್ಮೂದಿನ ಕಾರಣ. ಅನುಭಾವಿಗಳಾದರೋ ಆ ಪಾತ್ರೆಗಳಲ್ಲಿ ಅವನೇ ಬಿಡಿಸಬೇಕಾದ ಕಿಡಿಗಳಿದ್ದವೆಂದರು.

ಲೂರಿಯನ ಪರಂಪರೆಗೆ ಸೇರಿದ ಇನ್ನೊಂದು ವಿವರಣೆಯು ಕೊಡುವ ಕ್ರಿಯೆಯಲ್ಲಿ ದೇವನಾಮದ ನಾಲ್ಕು ಅಕ್ಷರಗಳನ್ನು ಕಾಣುತ್ತದೆ. ಚಿಕ್ಕ ನಾಣ್ಯವು ಅತಿ ಚಿಕ್ಕ ಅಕ್ಷರವಾದ ‘ಯೋದ್’. ಐದು ಎಂಬ ಸಂಖ್ಯಾಮೌಲ್ಯದ ‘ಹೇ’ ಕೊಡುವವನ ಐದು ಬೆರಳು. ನೇರ ಗೆರೆಯಂತಹ ‘ವಾವ್’ ಚಾಚಿದ ತೋಳು. ಎರಡನೆಯ ‘ಹೇ’ ಪಡೆಯುವವನ ಕೈ. ಪಡೆಯುವ ಕೈಯಿಲ್ಲದೆ ನಾಮವು ಪೂರ್ಣವಾಗದು.

ಈ ತತ್ತ್ವವನ್ನು ಸಾಮಾನ್ಯ ಜನರ ಬದುಕಿಗೆ ತಂದುದು ಹದಿನೆಂಟನೆಯ ಶತಮಾನದ ಪೂರ್ವ ಯೂರೋಪಿನ ಹಸೀದೀ ಪಂಥ. ಲಿಯಾದಿಯ ಶ್ನೇಯೂರ್ ಜಲ್ಮನ್ (1745–1812) ತನ್ನ ‘ತಾನ್ಯಾ’ (1796) ಗ್ರಂಥದಲ್ಲಿ ತ್ಸೆದಾಕಾ ಉಳಿದ ವಿಧಿಗಳಿಗಿಂತ ಮಿಗಿಲೇಕೆಂಬುದನ್ನು ವಿವರಿಸುತ್ತಾನೆ. ಇತರ ವಿಧಿಗಳಲ್ಲಿ ಒಂದೊಂದು ಶಕ್ತಿ ಮಾತ್ರ ತೊಡಗುತ್ತದೆ. ದುಡಿದು ಗಳಿಸಿದ ಹಣದಲ್ಲಿಯಾದರೋ ಇಡೀ ಜೀವಶಕ್ತಿ ಅಡಗಿದೆ. ದುಡಿಯದೆ ಬಂದ ಹಣವಾದರೂ ಅದರಿಂದ ಜೀವನಾಧಾರವನ್ನು ಕೊಳ್ಳಬಹುದಾಗಿತ್ತು. ಆದುದರಿಂದ ಅದನ್ನು ಕೊಡುವವನು ತನ್ನ ಜೀವವನ್ನೇ ಕೊಡುತ್ತಾನೆ. ಇದು ಬರಿಯ ತರ್ಕವಾಗಿರಲಿಲ್ಲ. ಪವಿತ್ರಭೂಮಿಗೆ 1777ರಲ್ಲಿ ವಲಸೆಹೋದ ಹಸೀದರಿಗಾಗಿ ಆತ ಹಣ ಸಂಗ್ರಹಿಸುತ್ತಿದ್ದನು. 1798ರಲ್ಲಿ ರಷ್ಯಾದ ಸರಕಾರ ಅವನನ್ನು ಬಂಧಿಸಿದಾಗ, ತುರ್ಕರ ಆಳ್ವಿಕೆಯ ನಾಡಿಗೆ ಹಣ ಕಳುಹಿಸುತ್ತಾನೆಂಬುದೂ ಆರೋಪಗಳಲ್ಲೊಂದಾಗಿತ್ತು.

ಹಣದಲ್ಲಿ ದೈವದ ಕಿಡಿಯಿದೆಯೆಂಬ ಮಾತು ಧನಪೂಜೆಗೆ ಸಮರ್ಥನೆಯಾಗುವ ಅಪಾಯವೂ ಇದೆ. ಬ್ರಾತ್ಸ್ಲಾವಿನ ನಖ್ಮಾನ್ (1772–1810) ಇದನ್ನು ಸ್ಪಷ್ಟವಾಗಿ ಕಂಡವನು. ಆತ್ಮಕ್ಕೂ ಹಣಕ್ಕೂ ಮೂಲ ಒಂದೇ ಎಂದ ಅವನೇ ಹಣದ ಮೋಹವನ್ನು ವಿಗ್ರಹಾರಾಧನೆಯೆಂದು ಕರೆದನು. ಉನ್ನತವಾದುದು ಕೆಟ್ಟಾಗ ಅದರ ಪತನವೂ ಆಳವಾದುದು. ಪ್ರಾಮಾಣಿಕ ವ್ಯವಹಾರ ಮತ್ತು ಕೊಡುವಿಕೆಗಳೇ ಅವನು ಸೂಚಿಸುವ ಪರಿಹಾರ. ಪರಲೋಕದ ವಿಚಾರಣೆಯಲ್ಲಿ ಮೊದಲ ಪ್ರಶ್ನೆಯು ವ್ಯವಹಾರದ ಪ್ರಾಮಾಣಿಕತೆಯನ್ನು ಕುರಿತದ್ದೆಂದು ತಾಲ್ಮೂದ್ ಮೊದಲೇ ಹೇಳಿತ್ತು.

ಈ ದರ್ಶನಕ್ಕೆ ಮಿತಿಗಳಿಲ್ಲದಿಲ್ಲ. ಬಡವನನ್ನು ಶೆಖಿನಾಳ ಪ್ರತಿರೂಪವಾಗಿ ಕಾಣುವ ಕಣ್ಣು ಬಡತನದ ಸಾಮಾಜಿಕ ಕಾರಣಗಳನ್ನು ಕಾಣದೆ ಹೋಗಬಹುದು. ಅವನು ಧನಿಕನ ಮುಕ್ತಿಗೆ ನಿಮಿತ್ತ ಮಾತ್ರವಾಗಿ ಉಳಿಯಬಹುದು. ಅನುಭಾವಿಯಲ್ಲದ ಮೈಮೋನಿಡೀಸ್ ಹನ್ನೆರಡನೆಯ ಶತಮಾನದಲ್ಲಿಯೇ ತ್ಸೆದಾಕಾದ ಎಂಟು ಮೆಟ್ಟಿಲುಗಳನ್ನು ಹೇಳುತ್ತಾ, ಸಾಲವನ್ನೋ ಕೆಲಸವನ್ನೋ ಪಾಲುದಾರಿಕೆಯನ್ನೋ ಒದಗಿಸಿ ಮತ್ತೊಬ್ಬರನ್ನು ಬೇಡದಂತೆ ಮಾಡುವುದನ್ನು ಅತ್ಯುನ್ನತವೆಂದಿದ್ದನು. ಈ ವಿವೇಕವನ್ನು ಜೊತೆಗಿಟ್ಟುಕೊಂಡು ಓದಿದಾಗಲೇ ಕಬ್ಬಾಲಾದ ಮಾತಿಗೆ ಪೂರ್ಣ ಬೆಲೆ ಬರುತ್ತದೆ. ನಾಣ್ಯದ ಪಾವಿತ್ರ್ಯವು ಅದನ್ನು ಹಿಡಿದಿಟ್ಟ ಮುಷ್ಟಿಯಲ್ಲಿಲ್ಲ. ಎರಡು ಕೈಗಳ ನಡುವಣ ಚಲನೆಯಲ್ಲಿದೆ.